ಅಣ್ಣ ಇರುವಾಗ ಬ್ರೋಕರ್ ಯಾಕೆ

ಹೊನ್ನಾಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವ ನಮ್ಮ ಶಾಲೆಯ ಗಣಿತದ ಮೇಡಂ ಮೊನ್ನೆ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ ಕೇಳಿದರು: "ಅಕ್ಕಾ, ನಮ್ಮೂರಾಗೆ ಹೊಸ ಲೇಔಟಲ್ಲಿ ಒಂದು ರೆಡಿ ಮನೆ ನೋಡೀವಿ. ಹೊಸಾ ಮನೆ ಅಲ್ವಾ, ಕಟ್ಟಿದೋನ ಹತ್ರಾನೇ ಮಾತಾಡಿದ್ರಾತು, ಮಧ್ಯ ಬ್ರೋಕರ್ ಯಾಕೆ ಅಂತಾರೆ ನಮ್ಮನೇರು. ಮಾತಾಡಾಕೆ ನಮ್ಮ ಮಾವ ಹೆಂಗೂ ಅದಾರೆ."

"ಬ್ರೋಕರ್ ಹಿಡೀರಿ," ಅಂದೆ.

ಅವರು ಚಪಾತಿ ಮುರಿಯುವುದನ್ನು ನಿಲ್ಲಿಸಿದರು. "ಅಲ್ಲಕ್ಕಾ, ನಿಮ್ಮನೇನ ನಿಮ್ಮಣ್ಣಾರೇ ಮುಂದೆ ನಿಂತು ಕೊಡಿಸಿದ್ದಲ್ವಾ? ಇಡೀ ಸ್ಕೂಲಿಗೆ ಹೇಳ್ಕೊಂಡು ಓಡಾಡಿದ್ರಿ?"

ಓಡಾಡಿದ್ದೆ. ಪ್ಯೂನಿಗೂ ಹೇಳಿದ್ದೆ. ಮಜ್ಜಿಗೆ ಲೋಟ ಎತ್ತಿ ಕುಡಿದೆ.

ಚಿಂತೆ ನನ್ನ ಹುಟ್ಟುಗುಣ. ಬಸ್ಸಿನಲ್ಲಿ ಮುಂದೆ ಕೂತರೆ ಗುದ್ದೀತು, ಹಿಂದೆ ಕೂತರೆ ಇಳಿಯುವ ಮೊದಲೇ ಹೊರಟೀತು ಎಂದು ಸೀಟು ಖಾಲಿಯಿದ್ದರೂ ನಡುವೆ ನಿಲ್ಲುವವಳು ನಾನು. ಇಂಥ ಎಲ್ಲಾ ಚಿಂತೆಗೂ ನನ್ನ ಹತ್ತಿರ ಇದ್ದ ಮದ್ದು ಒಂದೇ: ಬಸವಾಪಟ್ಟಣದಲ್ಲಿರುವ ಅಣ್ಣನಿಗೆ ಫೋನು. ಮಗಳಿಗೆ ಜ್ವರ ಬಂದರೆ ಡಾಕ್ಟರಿಗಿಂತ ಮೊದಲು ಅಣ್ಣ. ಗ್ಯಾಸಿನ ಉರಿ ಹಳದಿಗೆ ತಿರುಗಿದರೂ ಅಣ್ಣ. ಅವನು ಎಲ್ಲದಕ್ಕೂ "ಏನಾಗಲ್ಲ ಬಿಡು ತಂಗಿ" ಅನ್ನುತ್ತಿದ್ದ. ಕಾರಣ ಹೇಳುತ್ತಿರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ. ಅಷ್ಟಕ್ಕೇ ನಿದ್ದೆ ಬರುತ್ತಿತ್ತು.

ಜಗಳೂರು ಕಡೆಯ ಶಾಲೆಯಲ್ಲಿದ್ದಷ್ಟು ಕಾಲ ನಮ್ಮದು ನೀರಿನ ಟ್ಯಾಂಕರ್ ಕಾಯುವ ಬಾಡಿಗೆ ಮನೆ. ಚನ್ನಗಿರಿಗೆ ವರ್ಗವಾದ ಮೇಲೆ, ಇನ್ನು ಸ್ವಂತದ್ದೊಂದು ಆಗಲಿ ಎಂದು ಹೊರಟೆವು. ಕಟ್ಟಿಸುವ ಧೈರ್ಯ ನನಗೆ ಇರಲಿಲ್ಲ. ಒಂದು ಬೀರು ಮಾಡಿಸಿದಾಗಲೇ ಬಡಗಿಯ ಬೆನ್ನ ಹಿಂದೆ ನಿಂತು ನಿಂತು ಕಾಲು ಬಾತುಕೊಂಡಿದ್ದವು. ಹಾಗಾಗಿ ಕಟ್ಟಿ ಮಾರುವ ಮನೆಯೇ ಸರಿ ಅಂದುಕೊಂಡೆವು.

ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯ ಜೊತೆಗೆ ಮನೆ, ಸೈಟು ಮಾಡಿಸಿಕೊಡುವ ಬ್ರೋಕರ್ ಒಬ್ಬರಿದ್ದರು. ಕೂದಲಿಗೆ ಕಡುಗಪ್ಪು ಬಣ್ಣ, ಬಾಯಿ ತುಂಬ ಎಲೆಅಡಿಕೆ. ಮೊದಲು ಅವರ ಹತ್ತಿರವೇ ಹೋದೆವು.

"ಹೊಸಾ ಮನೆಗೂ ಬ್ರೋಕರ್ ಬೇಕೇನ್ರಿ?" ಎಂದು ಕೇಳಿದೆ.

"ಹೊಸಾದಕ್ಕೇ ಬೇಕ್ರಿ ಟೀಚರ್. ಹಳೇ ಮನೆ ಆದ್ರೆ ಎಲ್ಲಿ ಸೋರ್ತೈತೆ ಅಂತ ಅಕ್ಕಪಕ್ಕದೋರೇ ಬಾಯಿ ಬಿಡ್ತಾರೆ. ಹೊಸಾ ಮನೇಗೆ ಅಕ್ಕಪಕ್ಕ ಯಾರದಾರೆ? ಅತ್ಲಾಗೆ ಮಾರೋನು, ಇತ್ಲಾಗೆ ನೀವು. ನಿಮ್ ಕಡೆ ಮಾತಾಡಾಕೆ ಒಬ್ರು ಬೇಕಲ್ರಿ?"

"ನೀವು ಅವರ ಕಡೆಯಿಂದ ಕಮಿಷನ್ ತಗೊಳ್ಳಲ್ವಾ?"

ಅವರು ಎದ್ದು ಹೋಗಿ ಮೋರಿಗೆ ಉಗಿದು ಬಂದರು. "ತಗೊಂತೀನ್ರಿ. ಆದ್ರೆ ತಗೊಂತೀನಿ ಅಂತ ಹೇಳಿ ತಗೊಂತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ಕಡೆಯೂ ತಿನ್ನುವುದನ್ನು ಇಷ್ಟು ಸಲೀಸಾಗಿ ಹೇಳುತ್ತಾನಲ್ಲ! ನಮ್ಮ ಮನೆಯವರು ದಾರಿಯಲ್ಲಿ, "ಆ ಮನುಷ್ಯ ಸುಳ್ಳಂತೂ ಹೇಳಲಿಲ್ಲ, ಅವನನ್ನೇ ಹಿಡಿಯಾಣ" ಅಂದರು. ನಾನು ರಸ್ತೆ ಮಧ್ಯದಲ್ಲೇ ನಿಂತೆ. "ನಮ್ಮಣ್ಣ ಇರುವಾಗ ಬ್ರೋಕರ್ ಯಾಕ್ರೀ?"

ಆ ಮಾತಿನಲ್ಲಿ ಮನೆಯ ವಿಚಾರ ಸ್ವಲ್ಪ, ತವರಿನ ಜಂಬವೇ ಹೆಚ್ಚು. ಮದುವೆಯಾದಾಗಿನಿಂದ "ನಿಮ್ಮ ತವರಿನೋರು ಏನು ಮಾಡಿದ್ರು" ಎಂಬ ಪ್ರಶ್ನೆ ನಮ್ಮ ಸಂಸಾರದಲ್ಲಿ ಆಗಾಗ ಏಳುತ್ತಿತ್ತು. ಈ ಸಲ ಅದರ ಬಾಯಿ ಮುಚ್ಚಿಸೋಣ ಅನ್ನಿಸಿತ್ತು.

ಅಣ್ಣ ಬಂದ. ಬೈಕಿನ ಹಿಂದೆ ಕೂರಿಸಿಕೊಂಡು ಮನೆಗಳನ್ನು ತೋರಿಸಿದ. ಕೊನೆಗೆ ಊರಾಚೆಯ ಹೊಸ ಲೇಔಟಿನಲ್ಲಿ ಒಂದನ್ನು ಒಪ್ಪಿದೆವು. ನಾನು ವ್ಯಾನಿಟಿ ಬ್ಯಾಗಿನಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡು ಹೋಗಿದ್ದೆ. ನೆಲ ಇಳಿಜಾರಾಗಿದೆಯೋ ಏನೋ ಎಂದು ಪ್ರತಿ ಕೋಣೆಯಲ್ಲೂ ಅದನ್ನು ಇಟ್ಟು ನೋಡುವುದು. ಮನೆ ಕಟ್ಟಿದ ಕಂಟ್ರಾಕ್ಟರ್ ಇದನ್ನು ಕಂಡು ಬೆವತುಹೋದ.

"ಮೇಡಂ, ಅದೇನ್ ಮಾಡಾಕ್ ಹತ್ತೀರಿ? ಹೊಸಾ ಮನೇಗೆ ಏನೂ ಮಾಡಿಸ್ಬೇಡ್ರಿ, ಇನ್ನೂ ನಾಕು ಮನೆ ಮಾರೋವು ಅದಾವೆ!"

"ಮಾಟ ಅಲ್ರೀ, ಲೆವೆಲ್ಲು!" ಎಂದು ಅಣ್ಣ ಬಿದ್ದು ಬಿದ್ದು ನಕ್ಕ. ನಿಂಬೆಹಣ್ಣು ಅಡುಗೆಮನೆಯಲ್ಲೂ ಇಟ್ಟಲ್ಲೇ ಕೂತಿತ್ತು.

ಹೊರಡುವಾಗ ನಾನು ಅಣ್ಣನನ್ನು ಪಕ್ಕಕ್ಕೆ ಕರೆದೆ. "ನನಗೆ ಒಂದೇ ಒಂದು ಹೇಳು. ಇದು ಗದ್ದೆಗೆ ಮಣ್ಣು ತುಂಬಿಸಿದ ಜಾಗ ಅಲ್ತಾನೆ? ನಾಲೆ ಇಲ್ಲೇ ಹತ್ರ ಐತೆ. ಯಾರನ್ನಾದ್ರೂ ಕೇಳು. ಗದ್ದೆ ಆಗಿದ್ರೆ ನೆಲ ಕೂರ್ತೈತೆ, ಬ್ಯಾಡ." ವಿಚಾರಿಸುತ್ತೇನೆ ಅಂದ. ಮಾರನೇ ವಾರ ಫೋನು ಮಾಡಿದ. "ಕೇಳಿದೆ. ಗಟ್ಟಿ ನೆಲ. ಏನಾಗಲ್ಲ ಬಿಡು ತಂಗಿ." ನಾನು ಮಲಗಿದೆ.

ಗೃಹಪ್ರವೇಶಕ್ಕೆ ಅಣ್ಣ, ಅತ್ತಿಗೆ ಹಿಂದಿನ ಸಂಜೆಯೇ ಬಂದರು. ಮಾರನೇ ದಿನ ಪೂಜೆಯಾದ ಮೇಲೆ ಅತ್ತಿಗೆ ಉಡಿ ತುಂಬಿದರು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಅದರ ಮೇಲೆ ಗಿಣಿಹಸಿರಿನ ರೇಷ್ಮೆ ಸೀರೆ. ಅಪ್ಪ ಹೋದಮೇಲೆ ತವರಿನಿಂದ ಬರುತ್ತಿದ್ದುದು ಹಬ್ಬಕ್ಕೊಂದು ಕಾಟನ್ ಸೀರೆ. ಇಂಥದ್ದು ಬಂದಿರಲಿಲ್ಲ. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮ ಮನೆಯವರಿಗೆ ಕಾಣುವಂತೆ ಸ್ವಲ್ಪ ಹೊತ್ತು ಹೆಚ್ಚೇ ನಿಂತಿದ್ದೆ. ಆಮೇಲೆ ಅದನ್ನೇ ಉಟ್ಟು ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಹೋದೆ.

ಸಾಲಿನ ಕೊನೆಗೆ ಕಂಟ್ರಾಕ್ಟರ್ ಕೂತಿದ್ದ. ಎಲೆಯ ಮೇಲೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದ.

"ಸೀರೆ ಒಪ್ಪೈತೆ ಮೇಡಂ. ಹಸ್ರೇ ತಗೊಳ್ರಿ ಅಂತ ನಾನೇ ಅಂದಿದ್ದೆ ನಿಮ್ಮಣ್ಣಾರಿಗೆ. ಕಮಿಷನ್ ಕೊಡಾಕೆ ಹೋದ್ರೆ, 'ಮೊದ್ಲು ದಾವಣಗೆರೆಗೆ ನಡಿ ಮಾರಾಯ, ಸೀರೆ ಬಿಲ್ಲು ನೀನೇ ಕಟ್ಟು, ಉಳಿದಿದ್ದು ಆಮ್ಯಾಲೆ ಕೈಗೆ ಕೊಡು' ಅಂದ್ರು. ಭಾಳ ಶಾಣ್ಯಾ ಮನುಷ್ಯ. ಈ ಲೇಔಟಿನಾಗೆ ನಿಮ್ದು ಒಂದೇ ಅಲ್ಲ, ಇನ್ನೊಂದು ಪಾರ್ಟೀನೂ ತಂದ್ಕೊಟ್ಟಾರೆ."

ನನ್ನ ಮುಖದಲ್ಲಿ ಏನು ಕಂಡಿತೋ, ಅವನ ದನಿ ಇಳಿಯಿತು. "ನಿಮಗೆ ಗೊತ್ತಿತ್ತಲ್ಲಾ ಮೇಡಂ?"

ನನ್ನ ಬೆನ್ನಿಗೇ ನಮ್ಮ ಮನೆಯವರು ನೀರಿನ ಜಗ್ಗು ಹಿಡಿದು ಬರುತ್ತಿದ್ದರು.

"ಗೊತ್ತಿತ್ತು," ಅಂದೆ. "ಇನ್ನೊಂದು ಹೋಳಿಗೆ ಹಾಕ್ಲಾ?"

ಕಂಟ್ರಾಕ್ಟರ್ ಆ ಕಮಿಷನ್ನನ್ನು ತನ್ನ ತಾತನ ಗಂಟಿನಿಂದ ತೆಗೆದುಕೊಟ್ಟಿರಲಾರ, ಮನೆಯ ಬೆಲೆಯಲ್ಲೇ ಸೇರಿಸಿರುತ್ತಾನೆ. ಅಂದರೆ ನಾನು ಬ್ಯಾಂಕಿನಲ್ಲಿ ಸಾಲ ಎತ್ತಿ, ನನ್ನ ಉಡಿಗೆ ನಾನೇ ಸೀರೆ ಇಟ್ಟುಕೊಂಡು, ತವರು ಕೊಟ್ಟಿತೆಂದು ಗಂಡನ ಮುಂದೆ ಮೆರೆದಿದ್ದೆ. ಆದರೂ ಅದನ್ನು ನುಂಗಿಕೊಂಡೆ. ಅಣ್ಣನಿಗೂ ಖರ್ಚಿದೆ, ಬೈಕಿಗೆ ಪೆಟ್ರೋಲು ಹಾಕಿಸಿಕೊಂಡು ಓಡಾಡಿದ್ದಾನೆ, ಹೋಗಲಿ. ಅವನ ಪರವಾಗಿ ವಾದ ಮಾಡುವುದರಲ್ಲಿ ನಾನು ಯಾವತ್ತೂ ಸೋತವಳಲ್ಲ.

ಮಳೆಗಾಲ ಹಿಡಿಯಿತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಹಿಟ್ಟು ಕಲಸಲು ಕೂತಾಗ ಪಾತ್ರೆ ಇಟ್ಟ ಜಾಗದಲ್ಲಿ ಟೈಲ್ಸು ಡಬ್ ಅಂದಿತು. ಚಮಚದಿಂದ ಬಡಿದುನೋಡಿದೆ. ಹಿಂದಿನ ಗೋಡೆಯವರೆಗೂ ಒಳಗೆಲ್ಲ ಟೊಳ್ಳು. ಗೋಡೆಯ ಬುಡದಲ್ಲಿ ಬೆರಳು ಹೋಗುವಷ್ಟು ಬಿರುಕು. ಬುಟ್ಟಿಯಿಂದ ನಿಂಬೆಹಣ್ಣು ತೆಗೆದು ನೆಲಕ್ಕಿಟ್ಟೆ. ಅದು ಒಂದು ಕ್ಷಣ ಯೋಚಿಸಿ, ಗೋಡೆಯ ಕಡೆ ಹೊರಟಿತು.

ಹಾಲು ಹಾಕುವ ಮುದುಕಿ ಬಾಗಿಲಲ್ಲಿ ನಿಂತು ನನ್ನ ಆಟ ನೋಡುತ್ತಿದ್ದಳು. "ನೆಲ ಕೂರ್ದೆ ಇನ್ನೇನಾಗ್ತೈತೆ ಟೀಚರಮ್ಮಾ. ಇಲ್ಲೇ ಅಲ್ವಾ ನಾವು ನಾಟಿ ಮಾಡ್ತಿದ್ದಿದ್ದು. ನಿಮ್ಮ ಒಲೆ ಐತಲ್ಲ, ಅಲ್ಲಿ ಮೊಣಕಾಲುಮಟ ಕೆಸರು ಇರ್ತಿತ್ತು. ನಿಮ್ಮಣ್ಣಾರಿಗೆ ಆವಾಗ್ಲೇ ಹೇಳಿದ್ನಲ್ಲಾ."

"ಯಾವಾಗ?"

"ನೀವು ಮನೆ ತಗಳಾಕೆ ಮುಂಚೆ. ನಮ್ಮನೆತಂಕ ಬಂದಿದ್ರು. ಪಾಪ, ಕುಂತು ಎಲ್ಲಾ ಕೇಳಿದ್ರು. ತಂಗೀಗೆ ಅಂತ ಎಷ್ಟು ಆಸ್ಥೆ!"

ಕಮಿಷನ್ನಿಗಿಂತ ಇದು ಆಳಕ್ಕೆ ಇಳಿಯಿತು. ಅವನು ವಿಚಾರಿಸದೇ ಸುಳ್ಳು ಹೇಳಿದ್ದರೆ ಸೋಮಾರಿ ಎಂದು ಬೈದು ಸುಮ್ಮನಾಗಬಹುದಿತ್ತು. ಅವನು ನನಗಾಗಿ ಹೋಗಿ, ಕೂತು, ಕೇಳಿ, ತಿಳಿದುಕೊಂಡು ಬಂದಿದ್ದ. ನಿಜ ಅವನ ಜೇಬಿನಲ್ಲಿತ್ತು. ಫೋನಿನಲ್ಲಿ "ಏನಾಗಲ್ಲ ಬಿಡು ತಂಗಿ" ಅಂದಾಗಲೂ ಅದು ಅಲ್ಲೇ ಇತ್ತು.

ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಅಣ್ಣ ಬಂದ, ಪ್ರತಿ ವರ್ಷದಂತೆ. ನಡುಮನೆಯಲ್ಲಿ ನಮ್ಮ ಮನೆಯವರು ಪೇಪರ್ ಓದುತ್ತಿದ್ದರು. ಟೀ ಕೊಡುವ ನೆವದಲ್ಲಿ ಅವನನ್ನು ಅಡುಗೆಮನೆಗೆ ಕರೆದೆ. ಬಿರುಕು ತೋರಿಸಿದೆ.

"ಹೊಸಾ ಮನೆ ಅಂದ್ಮೇಲೆ ಸ್ವಲ್ಪ ಕೂತ್ಕೊಂತೈತೆ," ಅಂದ.

"ಹಾಲಿನ ಅಜ್ಜಿ ಎಲ್ಲಾ ಹೇಳಿದ್ಲು ಅಣ್ಣ. ಸೀರೇದೂ ಗೊತ್ತು."

ಅವನು ಟೀ ಲೋಟ ಕೆಳಗಿಡಲಿಲ್ಲ. "ನೋಡು, ನಿನ್ನ ಕಡೆಯಿಂದ ಒಂದು ಪೈಸಾ ಮುಟ್ಟಿಲ್ಲ. ಯಾವನೋ ಬ್ರೋಕರ್ ತಿನ್ನೋ ಬದ್ಲು ಮನೇಲೇ ಉಳೀತು. ತಪ್ಪೇನೈತೆ?"

"ಗದ್ದೆ ಅಂತ ಹೇಳಬೌದಿತ್ತು."

"ಹೇಳಿದ್ರೆ ನೀನು ತಗೊಂತಿದ್ದೇನು?" ದನಿ ತಗ್ಗಿಸಿದ. "ನೀನು ಹುಟ್ಟಾ ಪುಕ್ಕಲಿ. ಬಸ್ಸಲ್ಲಿ ಕೂರಾಕೂ ಹೆದರ್ತೀಯ. ನಾನು ಹಂಗೆ ಹೇಳ್ದೆ ಇದ್ದಿದ್ರೆ ಸಾಯೋತನಕ ಬಾಡಿಗೆ ಮನೇನೇ. ಎಲ್ಲಾ ನಿನ್ನ ಒಳ್ಳೇದಕ್ಕೇ."

ಅದರಲ್ಲಿ ಅರ್ಧ ನಿಜವಿತ್ತು. ನನ್ನ ಭಯವನ್ನು ನಾನು ಇಷ್ಟು ವರ್ಷ ಅವನ ಕೈಗೆ ನಂಬಿ ಕೊಟ್ಟಿದ್ದೆ. ಅವನಿಗೆ ಅದು ನನ್ನನ್ನು ಎಲ್ಲಿ ಹಿಡಿದರೆ ಸುಮ್ಮನಾಗುತ್ತೇನೆಂದು ತಿಳಿದುಕೊಳ್ಳುವ ದಾರಿಯಾಗಿತ್ತು.

"ಹೊರಟ್ರಾ?" ಎಂದು ನಡುಮನೆಯಿಂದ ನಮ್ಮ ಮನೆಯವರ ಕೂಗು.

"ಇಲ್ಲ," ಅಂದೆ, ಅವರಿಗೆ ಕೇಳುವಷ್ಟು ಜೋರಾಗಿ. "ಈ ಸಲ ಹಬ್ಬ ಇಲ್ಲೇ. ನೆಲ ಕೀಳಿಸಬೇಕು, ಮೇಸ್ತ್ರಿ ಬರ್ತಾನೆ."

ಶೇಂಗಾ ಉಂಡೆ ತುಂಬಿದ ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟೆ. "ಅತ್ತಿಗೆಗೆ ಕೊಡು." ಅವನು ಡಬ್ಬಿಯನ್ನು ಬೈಕಿಗೆ ಸಿಕ್ಕಿಸಿಕೊಂಡು ಹೋದ. ಬೈಕಿನ ಸದ್ದು ತಿರುವಿನಾಚೆ ಹೋದ ಮೇಲೆ ನಮ್ಮ ಮನೆಯವರು ಪೇಪರ್ ಕೆಳಗಿಳಿಸಿದರು. "ನಿಮ್ಮಣ್ಣ ಇದ್ದಿದ್ರೆ ಮೇಸ್ತ್ರಿ ಹತ್ರ ಚೆನ್ನಾಗಿ ಮಾತಾಡ್ತಿದ್ದ," ಅಂದರು. ಅದು ಕೊಂಕೋ, ಏನೂ ಗೊತ್ತಿಲ್ಲದ ಮಾತೋ, ಇವತ್ತಿಗೂ ನನಗೆ ತಿಳಿದಿಲ್ಲ.

ಮಧ್ಯಾಹ್ನ ಮೇಸ್ತ್ರಿ ಬಂದ. ಟೈಲ್ಸ್ ಬಡಿದು, ಬಿರುಕಿನಲ್ಲಿ ಕಡ್ಡಿ ಆಡಿಸಿ ನೋಡಿದ. "ಬರೀ ನೆಲ ಕಿತ್ರೆ ಆಗಲ್ಲ ಮೇಡಂ, ಪಾಯದ ಹತ್ರಾನೂ ಬಿಚ್ಚಿ ನೋಡ್ಬೇಕು. ಏನ್ ಮಾಡಾಣ ಹೇಳ್ರಿ."

ಅವನು ನಿಜ ಹೇಳುತ್ತಿದ್ದಾನೋ, ಕೆಲಸ ಬೆಳೆಸುತ್ತಿದ್ದಾನೋ? ಕೈ ತಾನಾಗಿಯೇ ಫೋನು ತೆಗೆದು, ಎಲ್ಲಕ್ಕಿಂತ ಮೇಲಿದ್ದ ಹೆಸರನ್ನು ಒತ್ತಿಯೂಬಿಟ್ಟಿತ್ತು. ಆ ಕಡೆ ರಿಂಗಾಗುವ ಮೊದಲೇ ಕಟ್ ಮಾಡಿದೆ.

"ಬಿಚ್ಚಿ," ಅಂದೆ ಮೇಸ್ತ್ರಿಗೆ. "ನಾನೇ ನಿಂತು ನೋಡ್ತೀನಿ." ನಿಂತುಕೊಂಡೆ.