ಕನ್ನಡಕದಂಗಡಿಯ ಓದುಕಾರ್ಡು

ನಮ್ಮ ಭಾವನ ತಲೆ ನೆಟ್ಟಗಿದ್ದಿದ್ದರೆ ಕನ್ನಡಕದಂಗಡಿಯಲ್ಲಿ ಕನ್ನಡಕ ಮಾತ್ರ ಮಾರುತ್ತಿದ್ದರು. ಅಕ್ಕನ ಮದುವೆಯಾದ ವರ್ಷವೇ ನಾನೂ ಆ ಅಂಗಡಿ ಸೇರಿದೆ. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ನಡುವೆ ಇರುವುದು ಒಂದು ಪರದೆ. ಹಾಗಾಗಿ ಈ ಮನುಷ್ಯನ ಹುಚ್ಚಾಟವೆಲ್ಲ ನನ್ನ ಕಿವಿಗೆ ಬಿದ್ದೇ ನಡೆದಿದೆ.

ಹತ್ತಿರದ ದೃಷ್ಟಿ ಪರೀಕ್ಷಿಸಲು ಎಲ್ಲ ಅಂಗಡಿಗಳಲ್ಲೂ ಒಂದು ಕಾರ್ಡು ಇರುತ್ತದೆ. ಮೇಲೆ ದಪ್ಪಕ್ಷರ, ಕೆಳಗಿಳಿದಂತೆ ಸಣ್ಣದು. ಕಂಪನಿಯವರು ಕೊಟ್ಟ ಕಾರ್ಡಿನ ವಾಕ್ಯಗಳು ಭಾವನಿಗೆ ಸಪ್ಪೆ ಎನಿಸಿದವು. ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಓದುತ್ತಿದ್ದ ಬ್ಲಾಗುಗಳಿಂದ ಇಷ್ಟದ ತುಂಡುಗಳನ್ನು ಆರಿಸಿ ತಮ್ಮದೇ ಕಾರ್ಡುಗಳನ್ನು ಮಾಡಿಸಿದರು. ಒಂದು, ಬೈಗುಳಗಳ ಹುಟ್ಟು ಹುಡುಕಿಕೊಂಡು ಹೋಗುವ ಗಣಿತದ ಮೇಷ್ಟ್ರದು. ಇನ್ನೊಂದು, ಲಾರಿಯ ಕಥೆ ಹೇಳುತ್ತಲೇ ಹಳೇ ಪದ್ಯಗಳ ಗಂಟು ಬಿಡಿಸುವ ಡ್ರೈವರನದು. ಓದುವಾಗ ಗಿರಾಕಿಯ ತುಟಿ ಕೊಂಚ ಅರಳಿದರೆ ಸಾಕು, ನಂಬರು ಬರೆದ ಚೀಟಿಯ ಹಿಂದೆ ಬ್ಲಾಗಿನ ವಿಳಾಸವನ್ನೂ ಬರೆದುಕೊಡುತ್ತಿದ್ದರು.

"ಪೂರ್ತಿ ಓದಿ. ನಗು ಬರ್ಲಿಲ್ಲ ಅಂದ್ರೆ ನನ್ನ ಬಂದು ಕೇಳಿ."

ಅಂಥ ಒಬ್ಬ ಗಿರಾಕಿಯೂ ತಿರುಗಿ ಬಂದು "ಓದಿದೆ" ಎಂದದ್ದಿಲ್ಲ. "ಭಾವ, ನಿಮ್ಮ ಚೀಟಿಗಳೆಲ್ಲ ನೇರ ಕಸದ ಬುಟ್ಟಿಗೆ," ಎಂದು ನಾನು ರೇಗಿಸುತ್ತಿದ್ದೆ. "ಹೋಗ್ಲಿ ಬಿಡೋ" ಎನ್ನುತ್ತಿದ್ದರು. ಮುಖ ಮಾತ್ರ ಚಿಕ್ಕದಾಗುತ್ತಿತ್ತು.

ಅವರ ಪಾಲಿಗೆ ಎಲ್ಲಕ್ಕಿಂತ ಮೇಲಾದದ್ದು ದಿನಬಳಕೆಯ ಮಾತುಗಳ ಬಗ್ಗೆ ಯಾರೋ ಹೆಂಗಸು ಬರೆಯುತ್ತಿದ್ದ ಬ್ಲಾಗು. ಬರೆದವರ ಹೆಸರಿಲ್ಲ, ಫೋಟೋ ಇಲ್ಲ. 'ಸುಮ್ಮನೆ' ಎಂಬ ಮಾತಿನ ಮೇಲೆ ಆಕೆ ಬರೆದಿದ್ದ ನಾಲ್ಕು ಸಾಲು ಕಾರ್ಡಿನಲ್ಲಿತ್ತು: "ಈ ಮಾತಿಗೆ ಮನೆಯಲ್ಲಿ ಎಷ್ಟು ಕೆಲಸ! ಯಾಕೆ ಬಂದೆ ಅಂದರೆ ಸುಮ್ಮನೆ. ಯಾಕೆ ನಗ್ತೀಯ ಅಂದರೆ ಸುಮ್ಮನೆ. ಯಾಕೆ ಅಳ್ತೀಯ ಅಂದರೂ ಸುಮ್ಮನೆ." ಅಲ್ಲಿಗೆ ಕಾರ್ಡಿನ ಜಾಗ ಮುಗಿದಿತ್ತು. ದಿನಕ್ಕೆ ಆರೇಳು ಸಲ ಕೇಳಿ ಕೇಳಿ ನನಗದು ಬಾಯಿಪಾಠ. ಆ ಬ್ಲಾಗು ಎಂಟು ತಿಂಗಳಿಂದ ನಿಂತುಹೋಗಿತ್ತು. ಭಾವ ಬೆಳಿಗ್ಗೆ ಶಟರ್ ಎತ್ತುವ ಮೊದಲು ಅದರ ಮೊದಲ ಪುಟ ತೆರೆಯುತ್ತಿದ್ದರು. ಹೊಸದೇನೂ ಇಲ್ಲವೆಂದು ಕಂಡ ಕೂಡಲೇ ಮುಚ್ಚಿ, ನೆಂಟರಲ್ಲಿ ಯಾರಿಗೋ ಹುಷಾರಿಲ್ಲವೇನೋ ಎಂಬಂತೆ ಮಂಕಾಗಿ ಕೂರುತ್ತಿದ್ದರು.

ಒಂದು ಮಂಗಳವಾರ ಮಧ್ಯಾಹ್ನ ಅರವತ್ತು ದಾಟಿದ ಒಬ್ಬರು ಹೆಂಗಸು ಬಂದರು.

"ಈ ಕನ್ನಡಕ ಹಾಕ್ಕೊಂಡ್ರೂ ಓದೋಕಾಗಲ್ಲ. ಅಕ್ಷರ ಎಲ್ಲ ಮಸುಕು."

ದೂರದ್ದು ತಕ್ಕಮಟ್ಟಿಗೆ ಕಂಡಿತು. ಭಾವ 'ಸುಮ್ಮನೆ' ಕಾರ್ಡನ್ನು ಕೈಗಿಟ್ಟರು. ಆಕೆ ಅರೆಗಳಿಗೆ ತಡೆದರು. ಆಮೇಲೆ ಎಲ್ಲೂ ತಡವರಿಸದೆ ಕೊನೆಯವರೆಗೆ ಓದಿಬಿಟ್ಟರು.

"ಏನಮ್ಮಾ, ನೀರು ಕುಡಿದಂಗೆ ಓದಿದ್ರಲ್ಲ! ಹಳೇ ನಂಬರೇ ಸಾಕು, ಹೊಸದು ದಂಡ."

"ಹಾಗಾದ್ರೆ ನಂಗೇ ಭ್ರಮೆ ಇರ್ಬೇಕು," ಎಂದರು ಆಕೆ. ಭಾವ ಕೊಟ್ಟ ವಿಳಾಸದ ಚೀಟಿಯನ್ನು ನೋಡದೆಯೇ ಚೀಲಕ್ಕೆ ಹಾಕಿಕೊಂಡು ಹೊರಟರು.

ಪರದೆಯ ಹಿಂದೆ ಸ್ಕ್ರೂ ಬಿಗಿಯುತ್ತಿದ್ದ ನನ್ನ ಕೈ ನಿಂತಿತು. ನನಗೆ ಬಾಯಿಪಾಠವಾಗಿದ್ದಕ್ಕಿಂತ ಒಂದು ಸಾಲು ಹೆಚ್ಚಾಗಿ ಕೇಳಿಸಿತ್ತು.

"ಭಾವ, 'ಈ ಮಾತಿನ ಹಿಂದೆ ಅವಿತುಕೊಳ್ಳದವರು ಯಾರಿದ್ದಾರೆ' ಅಂತ ಅವರು ಓದಿದ್ರಲ್ಲ, ಆ ಸಾಲು ಕಾರ್ಡಲ್ಲಿ ಎಲ್ಲಿದೆ?"

"ಇದೆಯಲ್ಲೋ, 'ಅಳ್ತೀಯ ಅಂದರೂ' ಆದ್ಮೇಲೆ..." ಎನ್ನುತ್ತ ಕಾರ್ಡು ತಿರುಗಿಸಿದ ಭಾವ ಅಲ್ಲೇ ತಡೆದರು. ಸಾಲು ಇದ್ದದ್ದು ಬ್ಲಾಗಿನಲ್ಲಿ, ಮತ್ತು ಅವರ ತಲೆಯಲ್ಲಿ. ತಾವೇ ಕಂಠಪಾಠ ಮಾಡಿಕೊಂಡವರಿಗೆ ಎದುರಿನವರು ಕಾಗದ ದಾಟಿ ಹೋದದ್ದು ತಿಳಿದಿರಲಿಲ್ಲ.

"ಅವರು ಓದ್ಲೇ ಇಲ್ಲ ಕಣೋ!"

ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿರುವಾಗಲೇ ಬಸ್‌ ಸ್ಟಾಪಿಗೆ ಓಡಿದರು. ಆಕೆಯನ್ನು ಕೈ ಹಿಡಿದೇ ಕರೆತಂದರು.

"ಅದು ನೀವು ಬರೆದದ್ದಾ ಅಮ್ಮಾ?"

ಆಕೆ ನಾಚಿಕೊಂಡರು. "ಮೊದಲ ಎರಡು ಪದ ಕಂಡ್ವು. ಆಮೇಲೆ ಬಾಯಿ ತಾನೇ ನಡೀತು. ಓದ್ತಿದೀನಿ ಅಂತ ನಾನೂ ಖುಷಿಪಟ್ಟೆ."

ಡ್ರೈವರನ ಕಾರ್ಡು ಕೊಟ್ಟರೆ ಎರಡನೇ ಸಾಲಿಗೇ ನಿಂತರು. ಸಾಲಿನ ನಡುವೆ ಅಕ್ಷರಗಳೇ ಮಾಯವಾಗುತ್ತವಂತೆ. "ತಪ್ಪು ನನ್ನದು. ಇದು ಕನ್ನಡಕದ ಕೆಲಸ ಅಲ್ಲ, ಇವತ್ತೇ ತೋರಿಸ್ಬೇಕು," ಎಂದು ಭಾವ ಪಕ್ಕದ ಬೀದಿಯ ಕಣ್ಣಿನ ಡಾಕ್ಟರಿಗೆ ಫೋನು ಮಾಡಿದರು. ಡಾಕ್ಟರು ಅರ್ಧ ಗಂಟೆ ಬಿಟ್ಟು ಬರಲು ಹೇಳಿದರು.

"ಹೋಗ್ಲಿ ಬಿಡಿ," ಎಂದರು ಆಕೆ. "ಕಣ್ಣು ಮಸುಕಾದಾಗ್ಲೇ ಬರೆಯೋದೂ ಬ್ಲಾಗು ನೋಡೋದೂ ನಿಲ್ಲಿಸ್ಬಿಟ್ಟೆ. ಹೇಗಿದ್ರೂ ಯಾರೂ ಓದ್ತಿರ್ಲಿಲ್ಲ."

ಭಾವ ನನ್ನ ಮುಖ ನೋಡಿದರು. ನನ್ನ ಕಸದಬುಟ್ಟಿಯ ಮಾತು ನನಗೇ ಚುಚ್ಚಿತು. ಏನಾದರೂ ಮಾಡಬೇಕಲ್ಲ ಎಂದು ಭಾವನ ಮೊಬೈಲು ಕಿತ್ತುಕೊಂಡು 'ಸುಮ್ಮನೆ' ಬರಹವನ್ನೇ ತೆರೆದು ಕೆಳಗೆ ಕೆಳಗೆ ಹೋದೆ. ಅಲ್ಲಿದ್ದವು, ನಲವತ್ತಮೂರು ಪ್ರತಿಕ್ರಿಯೆಗಳು, ಎಲ್ಲವೂ ಬ್ಲಾಗು ನಿಂತ ಮೇಲೆ ಬಂದವು! ದಿನಾ ಮೊದಲ ಪುಟ ನೋಡಿ ಮುಚ್ಚುವ ಮಹಾನುಭಾವರಿಗೆ ಇದೆಲ್ಲಿ ಕಾಣಬೇಕು? ಗಟ್ಟಿಯಾಗಿ ಓದತೊಡಗಿದೆ.

"'ಕನ್ನಡಕದಂಗಡಿಯವರು ಚೀಟಿ ಕೊಟ್ಟರು, ಬಂದೆ. ಎಲ್ಲವನ್ನೂ ಒಂದೇ ವಾರದಲ್ಲಿ ಓದಿದೆ.' 'ನಂಬರು ಬದಲಾಯಿತು, ಜೊತೆಗೆ ನೀವೂ ಸಿಕ್ಕಿದಿರಿ.' 'ನಮ್ಮಮ್ಮನೂ ಹೀಗೇ ಸುಮ್ಮನೆ ಅಂತಿದ್ದಳು. ಈಗ ಅವಳಿಲ್ಲ. ಇನ್ನೂ ಬರೆಯಿರಿ ತಾಯಿ.'"

"ಇನ್ನೊಂದ್ಸಲ ಓದಪ್ಪ," ಎಂದರು ಆಕೆ.

ಓದಿದೆ. ಭಾವ ಗೋಡೆಯ ಕಡೆ ತಿರುಗಿ ಮೂಗು ಒರೆಸುತ್ತಿದ್ದರು.

"ಯಾಕ್ರೀ ಅಳ್ತೀರ?" ಆಕೆಗೆ ಮುಖ ಕಾಣದಿದ್ದರೂ ಮೂಗಿನ ಸದ್ದು ಕೇಳಿಸಿತ್ತು.

"ಸುಮ್ನೆ."

ಹೋದ ದೃಷ್ಟಿ ತಿರುಗಿ ಬರದು, ಉಳಿದದ್ದನ್ನು ಉಳಿಸಬಹುದು ಎಂದರು ಡಾಕ್ಟರು. ಈಗ ಪ್ರತಿ ಮಂಗಳವಾರ ಮಧ್ಯಾಹ್ನ ಆಕೆ ನನ್ನ ಗಾಜಿನ ಮೇಜಿನ ಪಕ್ಕ ಕೂತು ಹೇಳುತ್ತಾರೆ, ನಾನು ಬ್ಲಾಗಿಗೆ ಟೈಪು ಮಾಡುತ್ತೇನೆ. ಚೀಟಿಯ ಹಿಂದೆ ವಿಳಾಸ ಬರೆದುಕೊಡುವವನೂ ಈಗ ನಾನೇ.