ಗುಬ್ಬಚ್ಚಿ ಅಕ್ಕ ಅಳಿಸಿದ ಬಿಳಿ ಚುಕ್ಕೆ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಕಾರ್ಖಾನೆಯ ಶಿಶುವಿಹಾರದ ಮುಂಕೋಣೆಯಲ್ಲಿ ಗುಬ್ಬಚ್ಚಿ ಅಕ್ಕ ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು ಗೋಡೆಗೆ ನೀಲಿ ಬಟ್ಟೆ ಬಿಗಿಯುತ್ತಿದ್ದಾರೆ. ಅದರ ಮುಂದೆ ಮೊಳದೆತ್ತರದ ಪುಟ್ಟ ಕುರ್ಚಿ. ಬೆಳಗಿನ ಪಾಳಿಯ ತಾಯಂದಿರು ಒಬ್ಬೊಬ್ಬರೇ ಒಳಬರುತ್ತಾರೆ. ಹೆಗಲ ಮೇಲೆ ಮಕ್ಕಳು ಇನ್ನೂ ಅರೆನಿದ್ದೆಯಲ್ಲಿವೆ. ಅಕ್ಕ ಮೊಣಕಾಲೂರಿ ಕೂತು, ಮೂಗು ಒರೆಸಿ, ತಲೆ ನೇವರಿಸಿ, ತುಟಿ ಮುಂದೆ ಮಾಡಿ 'ಚಿಂವ್ ಚಿಂವ್' ಅನ್ನುತ್ತಾರೆ. ಮಗು ಕಣ್ಣರಳಿಸಿ ಹಕ್ಕಿ ಎಲ್ಲಿ ಅಂತ ಹುಡುಕುವಷ್ಟರಲ್ಲಿ ಫೋಟೊ ಆಗಿರುತ್ತದೆ.

ಆದರೆ ಅಷ್ಟಕ್ಕೇ ಬಿಡುವುದಿಲ್ಲ. ಕೊರಳಲ್ಲಿ ನೇತಾಡುವ ಕರಿಯ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ, ಹೆಗಲಚೀಲದಿಂದ ಬೆಳ್ಳಿಬಣ್ಣದ ಹಳೆಯ ಡಬ್ಬಿಯಂಥ ಕ್ಯಾಮೆರಾ ತೆಗೆಯುತ್ತಾರೆ. ಅದರ ಬ್ಯಾಟರಿಯ ಮುಚ್ಚಳ ನಿಂತಿರುವುದು ರಬ್ಬರ್ ಬ್ಯಾಂಡಿನ ಮೇಲೆ. ಫ್ಲಾಷ್ ಝಗ್ಗೆನ್ನುತ್ತದೆ. ಮಗು ಮುಖ ಸಿಂಡರಿಸುತ್ತದೆ.

"ಒಂದು ಸಾಲ್ದಾ ಅಕ್ಕಾ?" ಹೊಸದಾಗಿ ಕೆಲಸಕ್ಕೆ ಸೇರಿದ ತಾಯಿಯೊಬ್ಬಳು ಕೇಳುತ್ತಾಳೆ.

"ಅದು ಕಾರ್ಡಿಗೆ. ಇದು ನನಗೆ," ಅನ್ನುತ್ತಾರೆ ಅಕ್ಕ. ಆಗಲೇ ಅವರ ಕಣ್ಣು ಮುಂದಿನ ಮಗುವಿನ ಮೂಗಿನ ಮೇಲಿದೆ.

ಶಿಶುವಿಹಾರದ ಪ್ರತಿ ಮಗುವಿಗೂ ವರ್ಷಕ್ಕೊಮ್ಮೆ ಗುರುತಿನ ಕಾರ್ಡು ಹೊಸದಾಗಬೇಕು. ಕಾರ್ಡಿನ ಫೋಟೊ ಮುಖಕ್ಕೆ ತಾಳೆಯಾಗದೆ ಕಾವಲುಗಾರ ಯಾರ ಕೈಗೂ ಮಗುವನ್ನು ಒಪ್ಪಿಸುವುದಿಲ್ಲ. ದಿನಕ್ಕೊಂದು ಕಾರ್ಖಾನೆಯಂತೆ ಸುತ್ತಿ ಆ ಫೋಟೊ ತೆಗೆಯುವುದೇ ಅಕ್ಕನ ಕೆಲಸ. ಬೆಳಿಗ್ಗೆ ಅರವತ್ತು ಮಕ್ಕಳು, ವಾರಕ್ಕೆ ಮುನ್ನೂರು. ವಯಸ್ಸು ನಲವತ್ತಾರು, ಕೆಲಸಕ್ಕೆ ಹತ್ತೊಂಬತ್ತು ವರ್ಷ. ಸ್ಟುಡಿಯೊಗೆ ಸೇರಿದ್ದು ಲಕೋಟೆಗೆ ಫೋಟೊ ತುಂಬಿಸಲು. ಒಂದು ದಿನ ಫೋಟೊಗ್ರಾಫರ್ ಬರಲಿಲ್ಲ. ಬಂದಿದ್ದ ಮಕ್ಕಳೆಲ್ಲ ಒಟ್ಟಿಗೆ ರಾಗ ತೆಗೆದಿದ್ದರು. ಅಕ್ಕ ಹಕ್ಕಿಯ ಹಾಗೆ ಕೂಗಿ ಸುಮ್ಮನಾಗಿಸಿ, ಕ್ಯಾಮೆರಾ ತಾವೇ ಎತ್ತಿಕೊಂಡರು. ಹೆಸರು ಅಂದೇ ಅಂಟಿತು. ಆಮೇಲೆ ಅಂಟಿಕೊಂಡದ್ದು ಮೊಣಕಾಲು ನೋವು. "ದೊಡ್ಡವರ ಎತ್ತರದಿಂದ ತೆಗೆದ್ರೆ ಮಕ್ಕಳ ಮುಖ ಬರಲ್ಲ, ಹಣೆ ಬರುತ್ತೆ ಅಷ್ಟೆ. ಮಂಡಿ ಊರಲೇಬೇಕು," ಎನ್ನುತ್ತಾ ಮುಂಗೈ ಮೇಲಿನ ಸಣ್ಣ ಹಲ್ಲಿನ ಗುರುತನ್ನೂ ತೋರಿಸುತ್ತಾರೆ. ಅದು ಹೋದ ವಾರದ ಸಂಭಾವನೆ.

ಎರಡು ವರ್ಷದ ಹಿಂದೆ ಸ್ಟುಡಿಯೊ ಯಜಮಾನರು ಮಿರರ್‌ಲೆಸ್ ಅನ್ನುವ ಆ ಕರಿಯ ಹೊಸ ಕ್ಯಾಮೆರಾ ಕೈಗಿಟ್ಟು, "ಇನ್ನು ಆ ಡಬ್ಬೀನ ಕಸಕ್ಕೆ ಹಾಕು," ಅಂದರು. ಹೊಸದೇನೂ ದೊಡ್ಡ ದರ್ಜೆಯದಲ್ಲ, ಹೊಸದಾಗಿ ಕಲಿಯುವವರು ಕೊಳ್ಳುವಂಥದ್ದು. ಆದರೂ ಅಕ್ಕನಿಗೆ ನಂಬಿಕೆ ಬರಲಿಲ್ಲ. ಡಬ್ಬಿಯ ಜೊತೆ ಹನ್ನೊಂದು ವರ್ಷ ಬಾಳಿದ್ದರು. "ಅದರ ಗುಣ ಅವಗುಣ ಎಲ್ಲಾ ನನಗೆ ಗೊತ್ತಿತ್ತು. ಇದು ಎಲ್ಲಿ ಕೈ ಕೊಡುತ್ತೋ ಯಾರಿಗೆ ಗೊತ್ತು? ಅದಕ್ಕೇ ಮೊದಲ ದಿನ ಪ್ರತಿ ಮಗುವನ್ನೂ ಎರಡರಲ್ಲೂ ತೆಗೆದೆ. ಯಾವುದು ಗೆಲ್ಲುತ್ತೋ ಅದನ್ನ ಇಟ್ಕೊಳ್ಳೋಣ ಅಂತ."

ಮಧ್ಯಾಹ್ನ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹೋಲಿಸುವ ಮಾತೇ ಇರಲಿಲ್ಲ. ಹೊಸದಕ್ಕೆ ಕಿಟಕಿಯಿಂದ ಬಂದ ಮಬ್ಬು ಬೆಳಕೇ ಸಾಕಾಗಿತ್ತು. ಫ್ಲಾಷ್ ಬೇಕಿರಲಿಲ್ಲ. ಕೆನ್ನೆಗಳು ದುಂಡಗೆ ಮೂಡಿದ್ದವು, ರೆಪ್ಪೆಗೂದಲು ಎಣಿಸಬಹುದಿತ್ತು. ಹಳೆಯದಕ್ಕೆ ಫ್ಲಾಷ್ ಇಲ್ಲದಿದ್ದರೆ ಕುರುಡು. ಇದ್ದರೆ ಹಣೆಗೆ ಹಿಟ್ಟು ಬಳಿದಂತೆ, ಬೆನ್ನ ಹಿಂದೆ ಮಸಿಯಂಥ ನೆರಳು, ಕಣ್ಣೆರಡೂ ಕೆಂಡ. ಅದರಲ್ಲಿ ಫ್ಲಾಷ್ ಇರುವುದು ಲೆನ್ಸಿನ ಪಕ್ಕದಲ್ಲೇ, ಒಂದು ಬೆರಳಿನಷ್ಟು ದೂರದಲ್ಲಿ. ಹಾಗಾಗಿ ಬೆಳಕು ನೇರ ಕಣ್ಣೊಳಗೆ ನುಗ್ಗಿ, ಕಣ್ಣಿನ ಹಿಂಬದಿಯ ರಕ್ತ ತುಂಬಿದ ಪೊರೆಗೆ ತಾಗಿ, ಕೆಂಪಾಗಿ ವಾಪಸು ಬರುತ್ತದೆ. ಆ ಕೆಂಪನ್ನು ತೆಗೆಯುವುದು ಅಕ್ಕನ ಹನ್ನೊಂದು ವರ್ಷದ ಮಧ್ಯಾಹ್ನಗಳ ಕೆಲಸ. ಮೌಸಿನ ಒಂದು ಒತ್ತು, ಕಣ್ಣು ಕಪ್ಪು.

ಇಪ್ಪತ್ತನೆಯ ಮಗುವಿನ ಹೊತ್ತಿಗೆ ಅಕ್ಕ ಡಬ್ಬಿಯ ಪರ ವಾದ ಬಿಟ್ಟುಕೊಟ್ಟಿದ್ದರು. ಇಪ್ಪತ್ಮೂರನೆಯದು ಮೂರೂವರೆ ವರ್ಷದ ಒಂದು ಹುಡುಗಿ. ಹೊಸ ಕ್ಯಾಮೆರಾದಲ್ಲಿ ನಗುತ್ತಿದ್ದಳು, ಎರಡೂ ಕಣ್ಣು ಕಾಡಿಗೆಯಷ್ಟು ಕಪ್ಪು. ಹಳೆಯದರಲ್ಲಿ ಬಲಗಣ್ಣು ಕೆಂಪು. ಎಡಗಣ್ಣಲ್ಲಿ ಹಾಲಿನ ಹನಿ ಬಿದ್ದಂತೆ ಬೆಳ್ಳಗೆ ಏನೋ ಹೊಳೆಯುತ್ತಿತ್ತು.

ಅಕ್ಕ ಸೆರಗಿನಿಂದ ಪರದೆ ಒರೆಸಿದರು. ಹೋಗಲಿಲ್ಲ. ಹುಡುಗಿ ಕಣ್ಣು ಮಿಟುಕಿಸಿದಳೆಂದು ಇನ್ನೊಂದು ಫೋಟೊ ತೆಗೆದದ್ದಿತ್ತು. ಅದರಲ್ಲೂ ಅದೇ ಬಿಳಿ.

"ಆಗ ನನ್ನ ಕೈ ಏನು ಮಾಡ್ತು ಗೊತ್ತಾ?" ಈ ಮಾತು ಹೇಳುವಾಗ ಅಕ್ಕ ತಮ್ಮ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡುತ್ತಾರೆ. "ತಾನಾಗೇ ಕಂಪ್ಯೂಟರಿನ ಕುಂಚ ತಗೊಳ್ತು. ಕೆಂಪಾದ್ರೆ ಒಂದು ಒತ್ತಿಗೆ ಹೋಗುತ್ತೆ. ಬಿಳಿ ಹೋಗಲ್ಲ, ಕೈಯಲ್ಲೇ ಬಳೀಬೇಕು. ಆ ಕೈಗೆ ಅದು ಗೊತ್ತಿತ್ತು. ಅಂದ್ರೆ ನಾನು ಇದನ್ನ ಮೊದಲೂ ಮಾಡಿದೀನಿ."

ಹಿಂದಿನ ವರ್ಷದ ಫೋಟೊ ತೆಗೆದು ನೋಡಿದರು. ಕಾರ್ಡಿಗೆ ಹೋದ ಚಿತ್ರದಲ್ಲಿ ಎರಡೂ ಕಣ್ಣು ಕಪ್ಪಾಗಿದ್ದವು. ಅದರ ಕೆಳಗೆ ತಿದ್ದದ ಮೂಲ ಚಿತ್ರವಿತ್ತು. ಅದೇ ಹುಡುಗಿ, ಇನ್ನೂ ಗುಂಡುಗುಂಡಗೆ. ಎಡಗಣ್ಣಲ್ಲಿ ಸಾಸಿವೆಯಷ್ಟು ಬಿಳಿ. ಆ ಸಾಸಿವೆಯ ಮೇಲೆ ಕಪ್ಪು ಬಳಿದವರು ಅವರೇ. ಅಕ್ಕನಿಗೆ ಅದೇನು ಅಂತ ಇನ್ನೂ ಗೊತ್ತಿರಲಿಲ್ಲ. ಅಳಿಸಬಾರದ್ದನ್ನು ಅಳಿಸಿದ್ದೇನೆ ಅಂತ ಮಾತ್ರ ಗೊತ್ತಾಗಿತ್ತು.

ಸ್ಟುಡಿಯೊದ ಕೆಳಗೇ ಕನ್ನಡಕದ ಅಂಗಡಿ. ಅಂಗಡಿಯವರು ಮಾತಿಗೊಂದು ತಮಾಷೆ ಮಾಡುವ ಮನುಷ್ಯ. ಎರಡೂ ವರ್ಷದ ಫೋಟೊ ನೋಡಿದವರು ಕೈಲಿದ್ದ ಚಹಾದ ಲೋಟ ಕೆಳಗಿಟ್ಟರು. "ಈ ಮಗು ಈಗ ಎಲ್ಲಿದೆ?"

"ಯಾಕೆ? ಏನದು?"

"ಏನೂ ಇಲ್ದೆ ಇರಬಹುದು. ಮಗು ಪಕ್ಕಕ್ಕೆ ನೋಡಿದಾಗ್ಲೂ ಒಮ್ಮೊಮ್ಮೆ ಹೀಗೆ ಬರುತ್ತೆ. ಆದ್ರೆ ಎರಡು ವರ್ಷ, ಅದೇ ಕಣ್ಣಲ್ಲಿ, ಹೋದ ಸಲಕ್ಕಿಂತ ದೊಡ್ಡದಾಗಿ... ಕಾಯೋದು ಬೇಡಮ್ಮ. ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸ್ಲಿ."

ಪಾಳಿ ಬಿಡುವುದು ಎರಡು ಗಂಟೆಗೆ. ಅಕ್ಕ ಕಾರ್ಖಾನೆಯ ಗೇಟಿಗೆ ಓಡಿದರು. ಹುಡುಗಿಯ ತಾಯಿ ಪ್ಯಾಕಿಂಗ್ ವಿಭಾಗದವಳು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದವಳು ಅಕ್ಕನನ್ನು ಕಂಡು ನಕ್ಕು, "ಯಾಕಕ್ಕಾ, ಫೋಟೊ ಚೆನ್ನಾಗಿ ಬಂದಿಲ್ವಾ?" ಅಂದಳು.

ಆ ಪ್ರಶ್ನೆ ಇವತ್ತಿಗೂ ಅಕ್ಕನ ಕಿವಿಯಲ್ಲಿದೆ.

ಅಂದೇ ಅಕ್ಕ ತಾಯಿ ಮಗಳಿಬ್ಬರನ್ನೂ ಕಣ್ಣಾಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ಒಂದು ಗಂಟೆ ಪರೀಕ್ಷೆ ಮಾಡಿದರು. ಕಣ್ಣೊಳಗೆ ಗಡ್ಡೆ ಇದೆ, ಬೆಳ್ಳಗೆ ಹೊಳೆದದ್ದು ಅದೇ, ಕ್ಯಾನ್ಸರ್, ಅಂದರು. ತಾಯಿ ನಕ್ಕುಬಿಟ್ಟಳು. "ಮೂರು ವರ್ಷದ ಮಗೂಗಾ? ನೀವು ಬೇರೆ ಯಾರದೋ ಚೀಟಿ ನೋಡ್ತಿದೀರ ಡಾಕ್ಟ್ರೇ." ಡಾಕ್ಟರು ಚೀಟಿಯ ಮೇಲಿನ ಹೆಸರನ್ನು ಅವಳ ಕಡೆ ತಿರುಗಿಸಿದರು. ಮುಖದಲ್ಲಿ ನಗು ಹಾಗೇ ಉಳಿದಿರುವಂತೆಯೇ ಅವಳು ನೆಲಕ್ಕೆ ಕುಸಿದಳು. ಮಗುವನ್ನು ಎತ್ತಿಕೊಂಡದ್ದು ಅಕ್ಕ.

ಇನ್ನಷ್ಟು ಪರೀಕ್ಷೆಗಳಾದ ಮೇಲೆ, ಗಡ್ಡೆ ಕಣ್ಣು ಬಿಟ್ಟು ಹೊರಗೆ ಹರಡಿಲ್ಲ ಎಂದು ಖಚಿತವಾಯಿತು. ಕಣ್ಣನ್ನು ತೆಗೆಯಬೇಕು, ಜೀವಕ್ಕೆ ಭಯವಿಲ್ಲ. ಎಲ್ಲರೂ ಉಸಿರು ಬಿಟ್ಟರು. ಬಾಗಿಲ ಬಳಿ ನಿಂತಿದ್ದ ಅಕ್ಕ ಮಾತ್ರ ಕೇಳಿದರು: "ಹೋದ ವರ್ಷ ಬಂದಿದ್ರೆ?"

ಡಾಕ್ಟರು ಫೈಲು ಮುಚ್ಚಿದರು. "ಕಣ್ಣೂ ಉಳೀತಿತ್ತೇನೋ."

ಆಪರೇಷನ್ನಿನ ಹಿಂದಿನ ದಿನ ಅಕ್ಕ ಎರಡು ಫೋಟೊ ಹಿಡಿದು ವಾರ್ಡಿಗೆ ಹೋದರು, ಹಿಂದಿನ ವರ್ಷದ ಮೂಲ ಮತ್ತು ತಿದ್ದಿದ್ದು. ಹೇಳಬೇಡ, ನಿನಗೇನು ಗೊತ್ತಿತ್ತು, ಅಂತ ಯಜಮಾನರು ತಡೆದಿದ್ದರು. ಅಕ್ಕನಿಗೆ ನುಂಗಿಕೊಳ್ಳಲು ಆಗಲಿಲ್ಲ. ಹಾಸಿಗೆಯ ಮೇಲೆ ಎರಡನ್ನೂ ಇಟ್ಟು, "ಇದು ಇದ್ದದ್ದು. ಇದು ನಾನು ಮಾಡಿದ್ದು," ಅಂದರು.

ತಾಯಿ ಎರಡನ್ನೂ ಕೈಗೆತ್ತಿಕೊಂಡು ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ, ಏನಾದರೂ ಆಗಲಿ ಅಂತ ಅಕ್ಕ ತಲೆ ತಗ್ಗಿಸಿ ನಿಂತಿದ್ದರು. ಅವಳು ಹೇಳಿದ್ದೇ ಬೇರೆ. "ಸಂಜೆ ದೀಪ ಹಾಕಿದ್ರೆ ಅದು ಹೊಳೀತಿತ್ತು ಅಕ್ಕಾ. ನಮ್ಮ ಬೆಕ್ಕಿನಕಣ್ಣಿ ಅಂತ ಎಲ್ರನ್ನೂ ಕರೆದು ತೋರಿಸ್ತಿದ್ದೆ. ನೀವು ಒಂದು ಸಲ ಅಳಿಸಿದ್ರಿ. ನಾನು ವರ್ಷವಿಡೀ ಅದಕ್ಕೆ ಮುತ್ತಿಟ್ಟೆ."

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತರು. ಮಗು ಇಬ್ಬರ ನಡುವೆ ನಿದ್ದೆ ಮಾಡುತ್ತಿತ್ತು.

ಆಮೇಲೆ ಹದಿನೇಳು ದಿನ ಅಕ್ಕ ಕ್ಯಾಮೆರಾ ಮುಟ್ಟಲಿಲ್ಲ. ಹದಿನೆಂಟನೆಯ ದಿನ ಸ್ಟುಡಿಯೊಗೆ ಬಂದು, ಕಂಪ್ಯೂಟರಿನಲ್ಲಿ ಉಳಿದಿದ್ದ ಮೂರು ವರ್ಷದ ಮೂಲ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಲು ಕೂತರು. ನಾಲ್ಕು ತಿಂಗಳು ಹಿಡಿಯಿತು. ಇನ್ನೂ ಒಂಬತ್ತು ಮಕ್ಕಳ ಕಣ್ಣಲ್ಲಿ ಬಿಳಿ ಕಂಡಿತು. ಒಂಬತ್ತು ಮನೆಗೂ ಹೋದರು. ಒಬ್ಬ ತಂದೆ, "ಚೆನ್ನಾಗಿರೋ ಮಗೂಗೆ ರೋಗ ಹಚ್ಚೋಕೆ ಬಂದೆಯಾ?" ಅಂತ ಬಾಗಿಲು ಮುಖಕ್ಕೇ ಬಡಿದ. ಮಾರನೆಯ ದಿನ ಮತ್ತೆ ಹೋದರು. ಕೊನೆಗೆ ಎಲ್ಲರೂ ತೋರಿಸಿದರು. ಎಂಟು ಮಕ್ಕಳಿಗೆ ಏನೂ ಇರಲಿಲ್ಲ. ಒಂದಕ್ಕೆ ಪೊರೆಯಿತ್ತು. ಆಪರೇಷನ್ ಆಯಿತು, ಈಗ ಚೆನ್ನಾಗಿ ಕಾಣುತ್ತದೆ. ಬಾಗಿಲು ಬಡಿದವನ ಮಗು ಅದೇ.

"ಅದಕ್ಕಿಂತ ಹಿಂದಿನ ಎಂಟು ವರ್ಷದ್ದು ಯಾವುದೂ ಉಳಿದಿಲ್ಲ," ಎನ್ನುತ್ತಾರೆ ಅಕ್ಕ. "ಅದರಲ್ಲಿ ಎಷ್ಟು ಬಳಿದಿದೀನೋ. ದಾರೀಲಿ ದೊಡ್ಡ ಹುಡುಗರು ಕಂಡ್ರೆ ಮೊದಲು ಕಣ್ಣು ನೋಡ್ತೀನಿ. ಎರಡೂ ಚೆನ್ನಾಗಿದ್ರೆ, ಸದ್ಯ, ಅಂತೀನಿ."

ಈಗ ಕಾರ್ಡಿನ ಫೋಟೊ ಹೊಸ ಕ್ಯಾಮೆರಾದ್ದು. ಅದರಲ್ಲಿ ತಿದ್ದುವಂಥದ್ದೇನೂ ಇರುವುದಿಲ್ಲ. ಡಬ್ಬಿಯ ಫೋಟೊಗಳನ್ನು ಮಧ್ಯಾಹ್ನ ಅಕ್ಕ ಒಂದೊಂದಾಗಿ ದೊಡ್ಡದು ಮಾಡಿ ನೋಡುತ್ತಾರೆ, ತಿದ್ದುವುದಿಲ್ಲ. ಅನುಮಾನ ಬಂದರೆ ಕೆಳಗಿನ ಕನ್ನಡಕದವರು, ಅಲ್ಲಿಂದ ಡಾಕ್ಟರು. "ಫೋಟೊದಲ್ಲಿ ಕಾಣಲಿಲ್ಲ ಅಂದ್ರೆ ರೋಗ ಇಲ್ಲ ಅಂತಲ್ಲ, ಕಂಡ್ರೆ ಇದೆ ಅಂತಾನೂ ಅಲ್ಲ. ನಾನು ಡಾಕ್ಟರಲ್ಲ. ಕಂಡದ್ದನ್ನ ಹೇಳ್ತೀನಿ, ಅಷ್ಟೆ," ಎಂದು ಪ್ರತಿ ತಾಯಿಗೂ ಬಿಡಿಸಿ ಹೇಳುತ್ತಾರೆ. ಎರಡೆರಡು ಸಲ ತೆಗೆದರೆ ಹೊತ್ತಾಗುವುದಿಲ್ಲವೇ ಎಂದು ಮೊದಮೊದಲು ಗೊಣಗಿದ ಯಜಮಾನರೇ ಈಗ ಊರೆಲ್ಲ ಹುಡುಕಿ, ತಯಾರಾಗುವುದೇ ನಿಂತುಹೋದ ಆ ಡಬ್ಬಿಗೆ ಎರಡು ಬ್ಯಾಟರಿ ತಂದಿಟ್ಟಿದ್ದಾರೆ.

ಆ ಹುಡುಗಿಗೆ ಈಗ ಐದೂವರೆ ವರ್ಷ. ಎಡಗಡೆ ಕೃತಕ ಕಣ್ಣು. "ನನ್ನ ಕಣ್ಣು ಕೈಗೆ ಬರುತ್ತೆ. ನಿಂದು ಬರುತ್ತಾ?" ಅಂತ ಅಕ್ಕನನ್ನೇ ಕೆಣಕುತ್ತಾಳೆ. ಅವಳಿಗೊಬ್ಬ ತಮ್ಮ ಹುಟ್ಟಿದ್ದಾನೆ, ಎಂಟು ತಿಂಗಳಿನವನು. ಈ ರೋಗ ಒಡಹುಟ್ಟಿದವರಿಗೂ ಬರಬಹುದೆಂದು ಹುಟ್ಟಿದ ವಾರದಿಂದಲೇ ಡಾಕ್ಟರು ಅವನ ಕಣ್ಣು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದಾರೆ. ಇವತ್ತಿನವರೆಗೆ ಏನೂ ಇಲ್ಲ. ಆದರೂ ಹೋದ ತಿಂಗಳು ತಾಯಿ ಅವನನ್ನು ಎತ್ತಿಕೊಂಡು ಸ್ಟುಡಿಯೊಗೇ ಬಂದು, "ಡಬ್ಬೀಲಿ ಒಂದು ತೆಗೀರಿ ಅಕ್ಕಾ. ಏನೂ ತಿದ್ದಬೇಡಿ," ಅಂದಳಂತೆ.

"ತೆಗೆದೆ. ಹಣೆ ಬೆಳ್ಳಗೆ, ಮೂಗಲ್ಲಿ ಸಿಂಬಳ, ಕಣ್ಣೆರಡೂ ಕೆಂಪು ಕೆಂಪು," ಎಂದು ನೀಲಿ ಬಟ್ಟೆ ಮಡಿಸುತ್ತಾ ಅಕ್ಕ ನಗುತ್ತಾರೆ. "ಅದಕ್ಕೆ ಕಟ್ಟು ಹಾಕಿಸಿ ಮನೆ ಗೋಡೆಗೆ ತೂಗುಹಾಕಿದಾಳೆ ಕಣ್ರೀ. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಕೆಟ್ಟ ಫೋಟೊ ನಾನು ಇನ್ನೊಂದು ತೆಗೆದಿಲ್ಲ. ಬಂದವರಿಗೆಲ್ಲ ಇದು ಗುಬ್ಬಚ್ಚಿ ಅಕ್ಕ ತೆಗೆದದ್ದು ಅಂತ ಹೇಳ್ತಾಳಂತೆ. ಹೇಳ್ಲಿ ಬಿಡಿ."