ಅಡುಗೆಯವನ ಗಾಂಜಾ

ಸರ್ಕಾರಿ ಶಾಲೆಯ ಮಾಸ್ತರನನ್ನು ಯಾವುದಕ್ಕೆ ಬೇಕಾದರೂ ಕರೆಯಬಹುದೆಂದು ಎಲ್ಲರೂ ತಿಳಿದಿದ್ದಾರೆ. ಜನಗಣತಿ ಮಾಡಿದೆ, ಚುನಾವಣೆ ಮಾಡಿಸಿದೆ, ಕೊನೆಗೆ ಗಾಂಜಾ ದಾಳಿಗೂ ಪಂಚನಾಗಿ ಹೋದೆ. ಪೊಲೀಸರು ಹುಡುಕುವಾಗ ಪಕ್ಕದಲ್ಲಿ ನಿಂತು, ಎಲ್ಲಿ ಏನು ಸಿಕ್ಕಿತೆಂದು ನೋಡಿ ಸಹಿ ಹಾಕುವುದು ಪಂಚನ ಕೆಲಸ. ಜಾಗ ಓಂ ಬೀಚಿನ ಹತ್ತಿರದ ಒಂದು ಹೋಮ್‌ಸ್ಟೇ. ಪೊಟ್ಟಣ ಸಿಕ್ಕಿದ್ದು ಮಾಲೀಕನ ಮಗನ ಕೋಣೆಯ ಕಪಾಟಿನಲ್ಲಿ, ಇಸ್ತ್ರಿ ಮಾಡಿದ ಅಂಗಿಗಳ ನಡುವೆ. ಕಪಾಟಿನ ಬೀಗ ತೆಗೆದುಕೊಟ್ಟವನೂ ಆ ಮಗನೇ.

ಅಷ್ಟರಲ್ಲಿ ಕೆಳಗಿನಿಂದ ಅಡುಗೆಯವನು ಬಂದ. ಹೆಬಳೆಯ ಕಡೆಯವನು, ಕೈಗೆ ಇನ್ನೂ ಕಾಯಿತುರಿ ಅಂಟಿತ್ತು. "ಅದು ನಂದು. ನಾನೇ ಇಲ್ಲಿಟ್ಟಿದ್ದೆ" ಎಂದ. ಅವನ ಬೆನ್ನಹಿಂದೆ ಮಾಲೀಕ ನಿಂತಿದ್ದ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯೇ ಬಂದು ಬಾಯಿ ಒಡ್ಡಿತ್ತು. ಕೇಸು ಅವನೊಬ್ಬನ ಮೇಲೆ ಬಿತ್ತು.

ಸಾಕ್ಷಿಗೆ ಸಮನ್ಸ್ ಬಂದ ವಾರ ಮಾಲೀಕ ಬಾಳೆಗೊನೆ ಹಿಡಿದು ನಮ್ಮ ಮನೆಗೆ ಬಂದ. ನಮಗೂ ಅವರಿಗೂ ದೂರದ ನೆಂಟಸ್ತಿಕೆ ಇದೆ.

"ನಮ್ಮನೆ ಮಾಣಿಗೆ ಹೆಣ್ಣು ನೋಡ್ತಾ ಇದ್ಯ. ಕಪಾಟು ಯಾರದ್ದು ಹೇಳಿ ನೆನಪಿಲ್ಲೆ ಅಂದ್ರೆ ಆತು" ಎಂದು ಮದುವೆಗೆ ಕರೆಯುವಷ್ಟು ನಯವಾಗಿ ಹೇಳಿದ. ಬಾಳೆಗೊನೆ ವಾಪಸು ಕೊಟ್ಟೆ.

ಹೊನ್ನಾವರದಲ್ಲಿ ವಕೀಲನಾಗಿರುವ ಗೆಳೆಯನನ್ನು ಕೇಳಿದೆ. ಗಾಂಜಾ ಒಂದು ಕಿಲೋದೊಳಗಿದ್ದರೆ ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಕಿಲೋ ದಾಟಿದರೆ ಹತ್ತು ವರ್ಷದವರೆಗೂ ಹೋಗಬಹುದು ಎಂದ. ಇದು ಕಿಲೋದೊಳಗಿನ ಕೇಸು. "ಪೊಲೀಸರ ಎದುರು ಒಪ್ಕಂಡದ್ದು ಕೋರ್ಟಲ್ಲಿ ನಿಲ್ಲೂದಿಲ್ಲ ಮಾರಾಯ. ಕಪಾಟು ಯಾರದ್ದು, ಬೀಗ ಯಾರ ಕೈಲಿತ್ತು, ಅಷ್ಟು ನೀ ಹೇಳು. ಅವ ಬಿಡುಗಡೆ ಆಗ್ತ." ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವೂ ಸಿಗುತ್ತದೆ ಎಂದ. ಅಡುಗೆಯವನಿಗೆ ಫೋನು ಮಾಡಿ ಇದೆಲ್ಲವನ್ನೂ ಹೇಳಿದೆ. "ಆತು ಮಾಸ್ತರೇ" ಎಂದಷ್ಟೇ ಅಂದ.

ಸಾಕ್ಷಿಯ ದಿನ ರಜೆ ಹಾಕಿ ಕುಮಟಾ ಕೋರ್ಟಿಗೆ ಹೋದೆ. ಹೇಳಬೇಕಾದದ್ದನ್ನೆಲ್ಲ ಬಸ್ಸಿನಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ನನ್ನನ್ನು ಕರೆಯಲೇ ಇಲ್ಲ. ಮಾಲೀಕ ಇಟ್ಟುಕೊಟ್ಟ ವಕೀಲ ಎದ್ದು, ತನ್ನ ಕಕ್ಷಿದಾರ ತಪ್ಪೊಪ್ಪಿಕೊಳ್ಳುತ್ತಾನೆ ಎಂದ. ಸ್ವಂತ ಇಚ್ಛೆಯಿಂದಲೇ ಒಪ್ಪುತ್ತೀಯಾ ಎಂದು ನ್ಯಾಯಾಧೀಶರು ಬಿಡಿಸಿ ಬಿಡಿಸಿ ಕೇಳಿದರು. ಅಡುಗೆಯವನು ಪ್ರತಿ ಸಲವೂ ಹೌದೆಂದ. ದಂಡವಾಯಿತು. ದಂಡ ಕಟ್ಟಿದ್ದು ಮಾಲೀಕ.

ಹೊರಗೆ ಬಂದವನನ್ನು ತಡೆದು ನಿಲ್ಲಿಸಿದೆ. ಸಿಟ್ಟು ನೆತ್ತಿಗೇರಿತ್ತು. "ಎಂತಕ್ಕೆ ಒಪ್ಪಿದೆ ಮಾರಾಯ? ಗೆಲ್ತಿದ್ದೆಯಲ್ಲ?"

"ಗೆದ್ರೆ ಕೆಲ್ಸ ಹೋಗ್ತದೆ ಮಾಸ್ತರೇ. ಒಪ್ಕಂಡ್ರೆ ಉಳೀತದೆ. ನೀವು ಸುಮ್ನೆ ರಜೆ ಹಾಕಿದ್ರಿ" ಎಂದ. ನನ್ನ ಮೇಲೆಯೇ ಅವನಿಗೆ ಕನಿಕರ.

"ಆ ಹುಡುಗ ನಾಳೆ ಮತ್ತೆ ತಂದಿಡ್ತ. ಆಗ ಎಂತ ಮಾಡ್ತೆ?"

ಅವನು ಕಾರಿನತ್ತ ನೋಡಿದ. ಮಾಲೀಕ ಒಳಗೆ ಕೂತು ಕಾಯುತ್ತಿದ್ದ.

"ಎರಡನೇ ಸಲ ಆದ್ರೆ ಶಿಕ್ಷೆ ಜಾಸ್ತಿಯಂತೆ. ಹಂಗಾಗಿ ಇನ್ನು ನನ್ನ ಹೆಸ್ರು ಬೇಡ ಅಂದಿದ್ರು ಸಾಹುಕಾರ್ರು. ಒಳ್ಳೇ ಜನ" ಎಂದ. ಹೆಜ್ಜೆ ಮುಂದಿಟ್ಟವನು ತಿರುಗಿ, ಸಂತೋಷದಿಂದಲೇ ಇನ್ನೊಂದು ಮಾತು ಹೇಳಿದ. "ನನ್ನ ತಮ್ಮನನ್ನೂ ಕೆಲ್ಸಕ್ಕೆ ಕರ್ಕಂಬಾ ಅಂದ್ರು."